ಪೆನ್ನನ ಕಾಡಿನ ಜೇಕು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹೆಸರಿನಲ್ಲಿಯೇ ಒಂದು ಕಾಡು ಅಡಗಿದೆ. 1681ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಈ ವಿಸ್ತಾರವಾದ ಭೂಭಾಗವನ್ನು ವಿಲಿಯಂ ಪೆನ್ ಎಂಬಾತನಿಗೆ ಸನ್ನದಿನ ಮೂಲಕ ಬರೆದುಕೊಟ್ಟ. ಪೆನ್ನನ ತಂದೆ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವನು. ಆತನಿಗೆ ಸಲ್ಲಬೇಕಾಗಿದ್ದ ಸಾಲ ಹಾಗೆಯೇ ಉಳಿದಿತ್ತು. ಹಣದ ಬದಲು ನೆಲ ಕೊಟ್ಟು ದೊರೆ ಋಣ ತೀರಿಸಿಕೊಂಡ. ಲ್ಯಾಟಿನ್ ಭಾಷೆಯಲ್ಲಿ 'ಸಿಲ್ವಾ' ಎಂದರೆ ಕಾಡು. ಪೆನ್ಸಿಲ್ವೇನಿಯಾ ಎಂದರೆ 'ಪೆನ್ನನ ಕಾಡು'.

ಆ ಕಾಲದಲ್ಲಿ ಈ ಹೆಸರನ್ನು ಬರೆಯುವ ರೀತಿ ಇನ್ನೂ ಗಟ್ಟಿಯಾಗಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಪ್ರವಾಸಿಗಳೆಲ್ಲ ಸಾಲುಗಟ್ಟಿ ನಿಂತು ನೋಡುವ ಬಿರುಕು ಬಿಟ್ಟ 'ಲಿಬರ್ಟಿ ಬೆಲ್' ಗಂಟೆಯ ಮೇಲೆ ಈ ಹೆಸರಿನಲ್ಲಿ ಒಂದು 'ಎನ್' ಅಕ್ಷರ ಕಡಿಮೆ ಇದೆ. ಕೊರೆದವನು ತಪ್ಪು ಮಾಡಿದನೆಂದು ನಗುವವರುಂಟು. ಆದರೆ ಆಗ ಹಾಗೆಯೂ ಬರೆಯುತ್ತಿದ್ದರು. ಅದೇ ಒಂದು ಅಕ್ಷರ ಕಡಿಮೆಯ ರೂಪ ಇಂದಿಗೂ ಬದುಕಿರುವುದು ಒಂದು ಸಣ್ಣ ಸಸ್ಯದ ಶಾಸ್ತ್ರೀಯ ನಾಮದಲ್ಲಿ: 'ಕ್ಯಾರೆಕ್ಸ್ ಪೆನ್ಸಿಲ್ವ್ಯಾನಿಕಾ'. ಹೆಸರಿಟ್ಟವನು ಫ್ರೆಂಚ್ ವಿಜ್ಞಾನಿ ಲಾಮಾರ್ಕ್. ಜಿರಾಫೆಯ ಕತ್ತು ಏಕೆ ಉದ್ದವಾಯಿತು ಎಂಬ ಆತನ ವಾದವನ್ನು ನಾವು ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಿ, ಅದು ಸರಿಯಲ್ಲವೆಂದೂ ಅದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಆತ ಒಳ್ಳೆಯ ಸಸ್ಯಶಾಸ್ತ್ರಜ್ಞನೂ ಆಗಿದ್ದನೆಂಬುದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ.

ಈ ಸಸ್ಯಕ್ಕೆ ನಮ್ಮ ಭಾಷೆಯಲ್ಲಿ ಹೆಸರಿಲ್ಲ, ಇರಬೇಕಾದ ಕಾರಣವೂ ಇಲ್ಲ. ಆದರೆ ಅದರ ಮನೆತನ ನಮಗೆ ಚೆನ್ನಾಗಿ ಗೊತ್ತು. ಕೆರೆಯಂಚಿನ ಜೇಕು, ಗದ್ದೆಯಲ್ಲಿ ಕಿತ್ತಷ್ಟೂ ಬರುವ ಕೊನ್ನಾರಿ ಗಡ್ಡೆ, ಅದನ್ನೇ ಪಂಡಿತರು ಭದ್ರಮುಷ್ಟಿ ಎಂದು ಕರೆದು ಕಷಾಯಕ್ಕೆ ಹಾಕುವುದು, ಎಲ್ಲವೂ ಇದೇ ಕುಟುಂಬ. ಈಜಿಪ್ಟಿನವರು ಬರೆಯಲು ಬಳಸಿದ ಪಪೈರಸ್ ಕೂಡ ಇದೇ. ಪ್ರಪಂಚದಲ್ಲಿ ಈ ಕುಟುಂಬದ ಸುಮಾರು 5,500 ಪ್ರಭೇದಗಳಿದ್ದು, ಅವುಗಳಲ್ಲಿ ಸುಮಾರು 2,000 ಕ್ಯಾರೆಕ್ಸ್ ಕುಲಕ್ಕೇ ಸೇರಿದವು. ನಮ್ಮ ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಲ್ಲಿಯೂ ಕ್ಯಾರೆಕ್ಸ್ ಇವೆ. ಹೆಚ್ಚಿನವರು ಅವುಗಳನ್ನು ಹುಲ್ಲೆಂದುಕೊಂಡು ತುಳಿದು ಮುಂದೆ ಹೋಗುತ್ತಾರೆ.

ಪೆನ್ಸಿಲ್ವೇನಿಯಾದ ಜೇಕಿನ ಪರಿಚಯ ನನಗಾದದ್ದು 2023ರ ಬೇಸಿಗೆ ರಜೆಯಲ್ಲಿ. ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದ ಒಂದು ಬಡಾವಣೆಯಲ್ಲಿ ನನ್ನ ತಂಗಿ ಮತ್ತು ಭಾವ ಹದಿನೆಂಟು ವರ್ಷಗಳಿಂದ ಇದ್ದಾರೆ. ಪರೀಕ್ಷೆಯ ಮೌಲ್ಯಮಾಪನ ಮುಗಿಸಿ ಸಾಗರದಿಂದ ಹೊರಟ ನಾನು ಅಲ್ಲಿ ತಲುಪಿದಾಗ ಏಪ್ರಿಲ್ ಅರ್ಧ ಕಳೆದಿತ್ತು. ನಮ್ಮಲ್ಲಿ ನೆತ್ತಿ ಸುಡುವ ಬಿಸಿಲು, ಅಲ್ಲಿ ಬೆಳಿಗ್ಗೆ ಸ್ವೆಟರಿಲ್ಲದೆ ಅಂಗಳಕ್ಕೆ ಇಳಿಯುವಂತಿಲ್ಲ.

ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ಪೆನ್ನನ ಕಾಡಿಗಿಂತ ಮೊದಲು ಕಾಣುವುದು ಮನೆಗಳ ಸುತ್ತ ಹಾಸಿದ ಹುಲ್ಲು. ಇಡೀ ಅಮೆರಿಕದಲ್ಲಿ ಇಂತಹ ಹುಲ್ಲುಹಾಸು ಎಷ್ಟಿದೆಯೆಂದು ಉಪಗ್ರಹದ ಮಾಹಿತಿ ಇಟ್ಟುಕೊಂಡು ಅಂದಾಜು ಮಾಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಗಿತ್ತು. ಅದರ ಪ್ರಕಾರ, ಮನೆ, ಕಚೇರಿ, ಗಾಲ್ಫ್ ಮೈದಾನ ಎಲ್ಲ ಸೇರಿ ಸುಮಾರು 1 ಲಕ್ಷ 60 ಸಾವಿರ ಚದರ ಕಿಲೋಮೀಟರು. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. ಅಂದರೆ ಬೀದರಿನಿಂದ ಹೊರಟು ಮೈಸೂರಿನ ಹತ್ತಿರಕ್ಕೆ ಬರುವವರೆಗೂ ಬರೀ ಹುಲ್ಲು; ಅದನ್ನು ಹಸು ತಿನ್ನುವುದಿಲ್ಲ, ಕೊಯ್ದು ಬಣವೆ ಹಾಕುವುದಿಲ್ಲ. ವಾರಕ್ಕೊಮ್ಮೆ ಯಂತ್ರ ಓಡಿಸಿ ಕತ್ತರಿಸುತ್ತಾರೆ, ಅಷ್ಟೆ. ಈ ಹುಲ್ಲುಗಳ ಪೈಕಿ ಹೆಸರಾದದ್ದು 'ಕೆಂಟಕಿ ಬ್ಲೂಗ್ರಾಸ್'. ಕೆಂಟಕಿ ಅಮೆರಿಕದ ಒಂದು ರಾಜ್ಯವಾದರೂ ಹುಲ್ಲು ಮಾತ್ರ ಯುರೋಪಿನಿಂದ ವಲಸೆ ಬಂದದ್ದು.

ತಂಗಿಯ ಮನೆಯ ಹಿಂದೆ ಒಂದು ಬಿಳಿ ಓಕ್ ಮರವಿದೆ. ಇಬ್ಬರು ಕೈ ಚಾಚಿದರೂ ತಬ್ಬಲಾಗದಷ್ಟು ದಪ್ಪ. ಆ ಬಡಾವಣೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಅಲ್ಲಿ ನಿಂತದ್ದು. ಅದರ ಬುಡದಲ್ಲಿ, ಮನೆಯ ಕಡೆಗೆ ಇಳಿಜಾರಾದ ಸುಮಾರು ಇಪ್ಪತ್ತು ಅಡಿಗೆ ಹದಿನೈದು ಅಡಿ ಜಾಗ ಬೋಳು ಬಿದ್ದಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಹುಲ್ಲಿನ ಬೀಜ ಎರಚುವುದು, ವಸಂತದಲ್ಲಿ ಅದು ಎಳೆಹಸಿರಾಗಿ ಆಸೆ ಹುಟ್ಟಿಸುವುದು, ಜುಲೈ ಹೊತ್ತಿಗೆ ಒಣಗಿ ಹೋಗುವುದು, ಹೀಗೆ ಆರು ವರ್ಷ ನಡೆದಿತ್ತು. ಜೋರು ಮಳೆ ಬಂದಾಗ ಆ ಬೋಳು ನೆಲದ ಕೆಂಪು ನೀರು ನೇರವಾಗಿ ನೆಲಮಾಳಿಗೆಯ ಕಿಟಕಿಗೆ ಬಂದು ನಿಲ್ಲುತ್ತಿತ್ತು. ಎರಡು ಸಲ ಒಳಗೂ ನುಗ್ಗಿತ್ತು. ಹುಲ್ಲು ಕತ್ತರಿಸಲು ಬರುವ ಗುತ್ತಿಗೆದಾರ ಕೊನೆಗೊಂದು ತೀರ್ಪು ಕೊಟ್ಟ: "ಮರ ತೆಗೆಸಿ, ಬಿಸಿಲು ಬೀಳುತ್ತದೆ, ಹುಲ್ಲು ನಿಲ್ಲುತ್ತದೆ." ಅದಕ್ಕೆ ಮೂರು ಸಾವಿರ ಡಾಲರಿಗೂ ಮೀರಿದ ಅಂದಾಜು ಪಟ್ಟಿಯೊಂದನ್ನು ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ.

ನಾನು ಹೋದಾಗ ಆ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಕೊಂಡಿತ್ತು. ಭಾವನಿಗೆ ಅರ್ಧ ಮನಸ್ಸು. ಅವರಿಗೆ ಮರದ ಮೇಲೆ ಸಿಟ್ಟಿಲ್ಲ, ನೆಲಮಾಳಿಗೆಯ ನೀರಿನ ಭಯ. ತಂಗಿಯ ಮಗಳಿಗೆ ಆಗ ಹದಿಮೂರು ವರ್ಷ. ಮರ ಕಡಿದರೆ ಊಟ ಬಿಡುತ್ತೇನೆಂದು ಕೂತಿದ್ದಳು. "ನೀನು ಸೈನ್ಸ್ ಮೇಷ್ಟ್ರಲ್ವಾ ಅಣ್ಣ, ನೀನೇ ಏನಾದರೂ ಹೇಳು" ಎಂದು ತಂಗಿ ಪಂಚಾಯಿತಿಯನ್ನು ನನ್ನ ತಲೆಗೆ ಕಟ್ಟಿದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕೆಲಸ ಬೇಡ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಆದರೆ ಅಭಿಪ್ರಾಯದಿಂದ ನೆಲಮಾಳಿಗೆ ಒಣಗುವುದಿಲ್ಲವಲ್ಲ.

ಹುಲ್ಲುಹಾಸಿನ ಹುಲ್ಲಿಗೆ ದಿನಕ್ಕೆ ಕನಿಷ್ಠ ನಾಲ್ಕಾರು ಗಂಟೆಯ ನೇರ ಬಿಸಿಲು ಬೇಕು. ಬಯಲಿನಿಂದ ಬಂದ ಸಸ್ಯ ಅದು. ಓಕ್ ಮರ ಮೇ ತಿಂಗಳಲ್ಲಿ ಎಲೆ ಬಿಚ್ಚಿದ ಮೇಲೆ ಅದರ ಬುಡಕ್ಕೆ ಬರುವುದು ಚುಕ್ಕಿ ಚುಕ್ಕಿ ಬಿಸಿಲು. ಸಾಲದ್ದಕ್ಕೆ ಮರದ ಬೇರುಗಳು ಮೇಲ್ಮಣ್ಣಿನ ನೀರನ್ನೆಲ್ಲ ಹೀರುತ್ತವೆ. ನೆರಳೂ ಹೌದು, ಒಣಗೂ ಹೌದು. ನಮ್ಮ ಅಡಿಕೆ ತೋಟದ ತಂಪು ನೆರಳನ್ನು ನೋಡಿದವರಿಗೆ ಈ ಒಣ ನೆರಳು ಸುಲಭವಾಗಿ ಅರ್ಥವಾಗುವುದಿಲ್ಲ. ಹಾಗಾದರೆ ಕಾಡಿನಲ್ಲಿ ಇದೇ ಓಕ್ ಮರದ ಕೆಳಗೆ ಏನು ಬೆಳೆಯುತ್ತದೆ? ಅದನ್ನು ನೋಡಿಕೊಂಡು ಬರೋಣವೆಂದು ಒಂದು ಭಾನುವಾರ ನಾಲ್ವರೂ ವಿಸ್ಸಹಿಕನ್ ಕಣಿವೆಗೆ ಹೊರಟೆವು.

ವಿಸ್ಸಹಿಕನ್ ಒಂದು ಸಣ್ಣ ಹೊಳೆ. ಫಿಲಡೆಲ್ಫಿಯಾ ನಗರದ ಎಲ್ಲೆಯೊಳಗೇ ಆಳವಾದ ಕಮರಿ ಕೊರೆದುಕೊಂಡು ಹರಿದು ಸ್ಕೂಲ್‌ಕಿಲ್ ನದಿಯನ್ನು ಸೇರುತ್ತದೆ. ಹೊಳೆಯ ಪಕ್ಕದ ಅಗಲವಾದ ಮಣ್ಣು ದಾರಿಯಲ್ಲಿ 1920ರ ದಶಕದಿಂದ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ಅದರಿಂದಲೇ ಅದಕ್ಕೆ 'ಫರ್ಬಿಡನ್ ಡ್ರೈವ್', ಅಂದರೆ ನಿಷೇಧದ ರಸ್ತೆ, ಎಂಬ ಹೆಸರು. ನಡೆಯುವವರಿಗೆ ನಿಷೇಧವಿಲ್ಲ, ಕುದುರೆಗೂ ಇಲ್ಲ. ಅಲ್ಲಿನ ಬಂಡೆ ಒಂದು ಬಗೆಯ ಶಿಸ್ಟ್ ಕಲ್ಲು. ಅದರ ತುಂಬ ಅಭ್ರಕ. ದಾರಿಯ ಧೂಳು ಕೂಡ ಮಿಣಮಿಣ ಮಿನುಗುತ್ತದೆ. ಚಿಕ್ಕಂದಿನಲ್ಲಿ ಕಾಗೆಬಂಗಾರವೆಂದು ಆರಿಸಿ ಜೇಬಿಗೆ ತುಂಬಿಕೊಳ್ಳುತ್ತಿದ್ದ ನಮಗೆ ಇಂತಹ ನೆಲದ ಮೇಲೆ ಚಪ್ಪಲಿ ಹಾಕಿ ನಡೆಯಲು ಸಂಕೋಚವಾಗುತ್ತದೆ.

ಏಪ್ರಿಲ್ ಕೊನೆಯ ವಾರ. ದೊಡ್ಡ ಮರಗಳಿನ್ನೂ ಪೂರ್ತಿ ಚಿಗುರಿರಲಿಲ್ಲ. ಎಲೆ ತುಂಬುವ ಮೊದಲು ನೆಲದವರೆಗೂ ಬಿಸಿಲು ಬೀಳುವ ಈ ಕೆಲವೇ ವಾರಗಳಲ್ಲಿ ಅಲ್ಲಿನ ನೆಲಗಿಡಗಳು ಅವಸರ ಅವಸರವಾಗಿ ಹೂ ಬಿಟ್ಟು ವರ್ಷದ ಸಂಸಾರ ಮುಗಿಸಿಕೊಳ್ಳುತ್ತವೆ. ಹೊಳೆಯಂಚಿನ ತೇವದಲ್ಲಿ ಛತ್ರಿಯಂತಹ ಎಲೆಯ ಮೇ ಆಪಲ್, ನೀಲಿ ಗಂಟೆಯ ಹೂಗಳು. ನನಗೆ ಬೇಕಾಗಿದ್ದದ್ದು ಅದಲ್ಲ. ದಾರಿ ಬಿಟ್ಟು ಮೇಲಕ್ಕೆ ಹತ್ತುವ ಕಾಲುಹಾದಿಯ ಪಕ್ಕ, ಓಕ್ ಮರಗಳ ಕೆಳಗಿನ ಒಣ ಇಳಿಜಾರಿನಲ್ಲಿ ಅದು ಕಂಡಿತು. ಕೂದಲಿನಷ್ಟು ನಯವಾದ, ಗೇಣುದ್ದದ ಎಲೆಗಳು. ಎಲ್ಲವೂ ಒಂದೇ ಕಡೆ ಬಾಗಿ, ಇಳಿಜಾರಿನ ಉದ್ದಕ್ಕೂ ಯಾರೋ ತಲೆ ಬಾಚಿದಂತೆ ಮಲಗಿದ್ದವು. ಅದರ ಕೆಳಗೆ ಒಂದು ಹಿಡಿ ಮಣ್ಣೂ ಕೊಚ್ಚಿಹೋಗಿರಲಿಲ್ಲ.

"ಮಾವ, ಇದೂ ಹುಲ್ಲೇ ಅಲ್ವಾ?" ಎಂದಳು ಹುಡುಗಿ. ಹೂವಿನ ದಂಟೊಂದನ್ನು ಅವಳ ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಹೊರಳಿಸಲು ಹೇಳಿದೆ. ಹುಲ್ಲಿನ ದಂಟಾದರೆ ದುಂಡಗೆ ಸಲೀಸಾಗಿ ಉರುಳುತ್ತದೆ. ಜೇಕಿನದು ಮೂರು ಏಣು, ತಡೆದು ತಡೆದು ಉರುಳುತ್ತದೆ. ಹುಲ್ಲಿಗೆ ಗೆಣ್ಣುಗಳಿವೆ, ಗೆಣ್ಣುಗಳ ನಡುವೆ ಸಾಮಾನ್ಯವಾಗಿ ಪೊಳ್ಳು. ಇದಕ್ಕೆ ಗೆಣ್ಣು ಕಾಣುವುದಿಲ್ಲ, ಒಳಗೆ ತುಂಬಿಕೊಂಡಿದೆ. ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿ, ಇದರವು ಮೂರು ಸಾಲಿನಲ್ಲಿ ಹೊರಡುತ್ತವೆ. ದಂಟಿನ ತುದಿಯಲ್ಲಿ ಗಂಡು ಹೂಗಳ ಒಂದು ತೆನೆ, ಅದರಿಂದ ತಿಳಿಹಳದಿ ಕೇಸರಗಳು ಜೋತಾಡುತ್ತಿರುತ್ತವೆ. ಕೆಳಗೆ ಹೆಣ್ಣು ಹೂಗಳ ಒಂದೆರಡು ಪುಟ್ಟ ತೆನೆ. ದುಂಬಿಯನ್ನು ಕರೆಯಲು ಬಣ್ಣವಿಲ್ಲ, ಮಕರಂದವಿಲ್ಲ. ಪರಾಗ ಒಯ್ಯುವುದು ಗಾಳಿಯ ಕೆಲಸ, ಅದಕ್ಕೇ ಎಲೆಗಳು ಗಾಳಿಗೆ ಅಡ್ಡ ಬರುವ ಮೊದಲೇ ಹೂ ಬಿಡುವ ಆತುರ. ಕ್ಯಾರೆಕ್ಸ್ ಕುಲದ ಗುರುತೆಂದರೆ ಕಾಯಿಯ ಸುತ್ತ ಇರುವ ಒಂದು ಸಣ್ಣ ಚೀಲ. ಈ ಪ್ರಭೇದದಲ್ಲಿ ಆ ಚೀಲದ ಮೇಲೆ ನವಿರಾದ ರೋಮಗಳಿವೆ. ಕೈಗನ್ನಡಿ ಇದ್ದರೆ ಚೆನ್ನಾಗಿ ಕಾಣುತ್ತದೆ.

ಅಮೆರಿಕದ ಹುಲ್ಲು ಜೇಕುಗಳ ವಿಷಯ ಬಂದರೆ ಪೆನ್ಸಿಲ್ವೇನಿಯಾದ ಒಬ್ಬ ಪಾದ್ರಿಯನ್ನು ನೆನೆಯಲೇಬೇಕು. ಹೆನ್ರಿ ಮ್ಯೂಲೆನ್‌ಬರ್ಗ್ (1753-1815) ಲ್ಯಾಂಕ್ಯಾಸ್ಟರ್ ಪಟ್ಟಣದ ಚರ್ಚಿನಲ್ಲಿ ಉಪದೇಶ ಮಾಡುತ್ತ, ಉಳಿದ ವೇಳೆಯಲ್ಲೆಲ್ಲ ಸುತ್ತಲಿನ ಗಿಡ ಹುಲ್ಲುಗಳನ್ನು ಸಂಗ್ರಹಿಸಿದವನು. ಹುಲ್ಲು ಮತ್ತು ಜೇಕುಗಳ ಮೇಲೆ ಆತ ಬರೆದ ಲ್ಯಾಟಿನ್ ಗ್ರಂಥ ಆತ ಸತ್ತ ಎರಡು ವರ್ಷಗಳ ನಂತರ, 1817ರಲ್ಲಿ ಹೊರಬಂತು. ಒಂದು ಹುಲ್ಲಿನ ಕುಲವೇ ಆತನ ಹೆಸರಿನಲ್ಲಿದೆ. ಆತನ ಸಹೋದರ ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್. ಅಣ್ಣತಮ್ಮಂದಿರಲ್ಲಿ ಯಾರ ಕೆಲಸ ಹೆಚ್ಚು ಕಾಲ ಉಳಿಯಿತೆಂಬ ಪ್ರಶ್ನೆಗೆ ನನ್ನಂತಹವರ ಉತ್ತರ ಪಕ್ಷಪಾತದ್ದಾಗಿರುತ್ತದೆ, ಬಿಡಿ.

ಫಿಲಡೆಲ್ಫಿಯಾದಲ್ಲಿಯೇ ಸ್ಕೂಲ್‌ಕಿಲ್ ನದಿಯ ದಡದಲ್ಲಿ ಜಾನ್ ಬಾರ್ಟ್ರಮ್ 1728ರಲ್ಲಿ ಕೊಂಡ ಜಮೀನಿನಲ್ಲಿ ಬೆಳೆಸಿದ ತೋಟವಿದೆ. ಉತ್ತರ ಅಮೆರಿಕದಲ್ಲಿ ಇನ್ನೂ ಉಳಿದಿರುವ ಸಸ್ಯೋದ್ಯಾನಗಳಲ್ಲಿ ಇದೇ ಹಳೆಯದು. ಒಳಗೆ ಹೋಗಲು ಟಿಕೆಟ್ಟಿಲ್ಲ. ಅಲ್ಲಿ ನೋಡಲೇಬೇಕಾದದ್ದು ಫ್ರಾಂಕ್ಲಿನಿಯಾ ಎಂಬ ಸಣ್ಣ ಮರ. 1765ರಲ್ಲಿ ಜಾನ್ ಮತ್ತು ಅವನ ಮಗ ವಿಲಿಯಂ ಜಾರ್ಜಿಯಾದ ಒಂದು ನದಿಯ ಪಕ್ಕ ಇದನ್ನು ಕಂಡರು. ಮುಂದೆ ಮಗ ಬೀಜ ತಂದು ಈ ತೋಟದಲ್ಲಿ ಬೆಳೆಸಿದ. 1803ರ ನಂತರ ಕಾಡಿನಲ್ಲಿ ಆ ಮರವನ್ನು ಕಂಡವರಿಲ್ಲ. ಈಗ ಪ್ರಪಂಚದಲ್ಲಿ ಎಲ್ಲೇ ಫ್ರಾಂಕ್ಲಿನಿಯಾ ಇದ್ದರೂ ಅದು ಈ ತಂದೆ ಮಕ್ಕಳ ತೋಟದ ಸಂತಾನ. ಮನೆಯ ಹಿತ್ತಿಲು ಒಂದು ಗಿಡದ ವಂಶವನ್ನೇ ಉಳಿಸಿದ ಉದಾಹರಣೆ ಇದಕ್ಕಿಂತ ಬೇರೆ ನನಗೆ ಗೊತ್ತಿಲ್ಲ.

ನಮ್ಮ ಜೇಕಿಗೇನೂ ಅಂತಹ ಗಂಡಾಂತರ ಬಂದಿಲ್ಲ. ಪೂರ್ವ ಅಮೆರಿಕದ ಒಣ ಓಕ್ ಕಾಡುಗಳಲ್ಲೆಲ್ಲ ಅದು ಧಾರಾಳವಾಗಿದೆ, ಕೆನಡಾದಲ್ಲಿಯೂ ಇದೆ. ಆದರೆ ಅಂಗಡಿಯಲ್ಲಿ ಕೇಳಿದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಕಥೆ. ಮೊದಲು ಹೋದ ದೊಡ್ಡ ನರ್ಸರಿಯಲ್ಲಿ ಜಪಾನಿನ ಜೇಕುಗಳಿದ್ದವು, ಬಿಳಿಪಟ್ಟೆಯವು, ಚಿನ್ನದ ಬಣ್ಣದವು. ಪೆನ್ಸಿಲ್ವೇನಿಯಾದ ಜೇಕು ಪೆನ್ಸಿಲ್ವೇನಿಯಾದ ಆ ನರ್ಸರಿಯಲ್ಲಿ ಇರಲಿಲ್ಲ. ವಸಂತದಲ್ಲಿ ಅಲ್ಲಲ್ಲಿ ನಡೆಯುವ ಸ್ಥಳೀಯ ಸಸ್ಯಗಳ ಮಾರಾಟದಲ್ಲಿ ಕೊನೆಗೆ ಸಿಕ್ಕಿತು. ಬೀಜ ಬಿತ್ತಿ ಬೆಳೆಸೋಣವೆಂದರೆ ಇದರ ಬೀಜ ಮೊಳೆಯುವುದು ಬಹಳ ಅಪರೂಪ. ಹಾಗಾಗಿ ಬುಡ ಸೀಳಿ ಬೆಳೆಸಿದ ಸಸಿಗಳನ್ನೇ ಮಾರುತ್ತಾರೆ. ಐವತ್ತು ಗುಳಿಗಳ ತಟ್ಟೆ, ಒಂದೊಂದು ಗುಳಿಯಲ್ಲಿ ಬೆರಳುದ್ದದ ಬೇರಿನ ಗೊಂಚಲು.

ಇಲ್ಲಿ ಸ್ವಲ್ಪ ಲೆಕ್ಕ. ಜಾಗ 300 ಚದರ ಅಡಿ. ಅಡಿಗೊಂದರಂತೆ ನೆಟ್ಟರೆ 300 ಸಸಿ. ಬೇಗ ಮುಚ್ಚಲೆಂದು ಎಂಟು ಅಂಗುಲಕ್ಕೊಂದು ನೆಟ್ಟರೆ 675. ಒಂದು ತಟ್ಟೆಗೆ ನೂರು ಡಾಲರಿನ ಮೇಲಿತ್ತು. ಭಾವ ಮೊಬೈಲಿನಲ್ಲಿ ಗುಣಿಸಿ ನೋಡಿ, "ಏನ್ ಭಾವ, ಮರ ಕಡಿಸೋದೇ ಅಗ್ಗ ಅನ್ನಿಸ್ತಿದೆ" ಎಂದರು. ತಮಾಷೆಯೆಂದು ಹೇಳಿದರೂ ಪೂರ್ತಿ ತಮಾಷೆಯಾಗಿರಲಿಲ್ಲ. ಮೂರು ತಟ್ಟೆ, 150 ಸಸಿ, ಅಡಿಗೊಂದರಂತೆ ನೀರು ಹರಿಯುವ ಕೆಳಗಿನ ಅರ್ಧಕ್ಕೆ ಮಾತ್ರ ನೆಡುವುದು, ಎರಡು ವರ್ಷದ ನಂತರ ಅದರ ಬುಡ ಸೀಳಿ ಮೇಲಿನ ಅರ್ಧಕ್ಕೆ ಹಂಚುವುದು ಎಂದು ಗೊತ್ತಾಯಿತು. ಗುತ್ತಿಗೆದಾರನ ಪಟ್ಟಿ ಮಾತ್ರ ಫ್ರಿಜ್ಜಿನ ಮೇಲೇ ಉಳಿಯಿತು. ಎರಡು ವರ್ಷದ ವಾಯಿದೆ ಎಂದು ಭಾವ ಹೇಳಿದರು.

ಓಕ್ ಮರದ ಬುಡದಲ್ಲಿ ನೆಡುವುದೆಂದರೆ ತೋಟ ಅಗೆದಂತಲ್ಲ. ಗುದ್ದಲಿ ಬೀಸಿದರೆ ಮರದ ನೀರು ಹೀರುವ ಬೇರುಗಳೇ ಕತ್ತರಿಸಿಹೋಗುತ್ತವೆ, ಅವು ಇರುವುದು ಮೇಲಿನ ಒಂದಡಿಯಲ್ಲಿ. ಹೊಸ ಮಣ್ಣು ತಂದು ಸುರಿದರೂ ಬೇರಿಗೆ ಗಾಳಿ ಸಿಗದೆ ಮರ ಸೊರಗುತ್ತದೆ. ಆದ್ದರಿಂದ ಕೈಯಗಲದ ಸಣ್ಣ ಕರಣೆಯಿಂದ ಗುಳಿ ಮಾಡಿ, ದಪ್ಪ ಬೇರು ಎದುರಾದರೆ ನಾಲ್ಕು ಬೆರಳು ಆಚೆ ಸರಿದು ನೆಟ್ಟೆವು. ಸಾಲು ಸೊಟ್ಟಗಾಯಿತು. ಕಾಡಿನಲ್ಲಿ ಸಾಲು ಯಾರು ಹಿಡಿದಿದ್ದಾರೆ? ಎಲೆಗಳು ಹೊರಡುವ ಬುಡ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಇರಬೇಕು. ಹೂತರೆ ಕೊಳೆಯುತ್ತದೆ, ಎತ್ತರವಾದರೆ ಚಳಿಗಾಲದ ಹಿಮ ಅದನ್ನು ಎತ್ತಿ ಹೊರಗೆ ಹಾಕುತ್ತದೆ. ಸಸಿಗಳ ನಡುವೆ ಹೋದ ವರ್ಷದ ಓಕ್ ಎಲೆಗಳನ್ನೇ ಪುಡಿಮಾಡಿ ತೆಳ್ಳಗೆ ಹರಡಿದೆವು. ಗೊಬ್ಬರ ಹಾಕಲಿಲ್ಲ. ಕೊಬ್ಬಿದ ನೆಲದಲ್ಲಿ ಜೇಕಿಗಿಂತ ಮೊದಲು ಕಳೆ ಕೊಬ್ಬುತ್ತದೆ.

ಒಣನೆಲದ ಗಿಡವೆಂದು ನೀರು ಬಿಡುವಂತಿಲ್ಲ. ಬೇರೂರುವವರೆಗೆ, ಅಂದರೆ ಮೊದಲ ವರ್ಷವೆಲ್ಲ, ಅದಕ್ಕೆ ನೀರು ಬೇಕು. ಫಿಲಡೆಲ್ಫಿಯಾ ಕಡೆ ವರ್ಷಕ್ಕೆ ಸುಮಾರು 1,100 ಮಿಲಿಮೀಟರು ಮಳೆ. ನಮ್ಮ ಮಲೆನಾಡಿನ ಲೆಕ್ಕಕ್ಕೆ ಏನೂ ಅಲ್ಲ, ಆದರೆ ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿಕೆಯಾಗಿ ಬರುತ್ತದೆ. ಆ ವರ್ಷದ ಮೇ ಮಾತ್ರ ಆಕಾಶ ಬಾಗಿಲು ಹಾಕಿಕೊಂಡುಬಿಟ್ಟಿತ್ತು. ಎರಡು ದಿನಕ್ಕೊಮ್ಮೆ ಸಂಜೆ ನಾನೂ ಹುಡುಗಿಯೂ ಕ್ಯಾನಿನಲ್ಲಿ ನೀರು ಹಾಕುತ್ತಿದ್ದೆವು. ಪಕ್ಕದ ಮನೆಯ ನಿವೃತ್ತ ಗೃಹಸ್ಥರು ಬೇಲಿಯ ಆಚೆ ನಿಂತು, ಹುಲ್ಲು ಬಿಟ್ಟು ಬೇರೆ ಹುಲ್ಲು ನೆಡುವ ಈ ಭಾರತೀಯ ಮೇಷ್ಟರನ್ನು ಕುತೂಹಲದಿಂದ ನೋಡುತ್ತಿದ್ದರು.

ಅವರ ಆತಂಕ ಬೇರೆಯಾಗಿತ್ತು: ಉಣುಗು. ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆ ತುಂಬ ಹೆಚ್ಚು. ಎತ್ತರದ ಹುಲ್ಲು ಕಂಡರೆ ಜನ ಹೆದರುತ್ತಾರೆ. ಮಂಗನ ಕಾಯಿಲೆಯ ಸೀಮೆಯಿಂದ ಹೋದ ನನಗೆ ಈ ಹೆದರಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗವೂ ಉಣುಗಿನಿಂದಲೇ ಹರಡುವುದು. ತರಗು ತರಲು ಕಾಡಿಗೆ ಹೋದವರನ್ನು ಅದು ನಮ್ಮ ಕಡೆ ಈಗಲೂ ಕಾಡುತ್ತಿದೆ. ಒಂದು ವೈರಸ್ಸಿನದು, ಇನ್ನೊಂದು ಬ್ಯಾಕ್ಟೀರಿಯಾದ್ದು. ಲೈಮ್‌ಗೆ ಸಕಾಲದಲ್ಲಿ ಕೊಟ್ಟರೆ ಕೇಳುವ ಔಷಧವಿದೆ, ನಮ್ಮದಕ್ಕೆ ಅಂತಹ ನೇರ ಔಷಧವಿಲ್ಲ. ಅಲ್ಲಿನ ಆರೋಗ್ಯ ಇಲಾಖೆಯ ಸಲಹೆಯೆಂದರೆ ಓಡಾಡುವ ಜಾಗಕ್ಕೂ ಕಾಡಿನಂಚಿಗೂ ನಡುವೆ ಮೂರಡಿ ಅಗಲ ಮರದ ಚಕ್ಕೆ ಅಥವಾ ಜಲ್ಲಿ ಹರಡುವುದು. ಒಣಗಿದ ಆ ಪಟ್ಟಿಯನ್ನು ದಾಟಲು ಉಣುಗು ಹಿಂಜರಿಯುತ್ತದೆ. ಹಾಗೆಯೇ ಮಾಡಿದೆವು. ಈ ಜೇಕು ತುಳಿತವನ್ನು ತಡೆಯುವುದಿಲ್ಲವಾದ್ದರಿಂದ ಮರದ ಸುತ್ತ ಹೋಗಲು ದಾರಿಯೊಂದು ಹೇಗೂ ಬೇಕಾಗಿತ್ತು. ಸಂಜೆ ಒಳಗೆ ಬಂದ ಮೇಲೆ ಕಾಲುಚೀಲ ಬಿಚ್ಚಿ ಮೊಣಕಾಲಿನ ಹಿಂದೆ ನೋಡಿಕೊಳ್ಳುವ ಕ್ರಮವೂ ಆ ಮನೆಯಲ್ಲಿ ರೂಢಿಯಾಗಿದೆ.

ನಾನು ಮೇ ಕೊನೆಗೆ ಹಿಂತಿರುಗಿದೆ. ಶಾಲೆ ಆರಂಭವಾಗಿತ್ತು. ಜುಲೈಯಲ್ಲಿ ತಂಗಿಯ ಫೋನು: ಸ್ಥಳೀಯ ಆಡಳಿತದಿಂದ ನೋಟೀಸು ಬಂದಿದೆ, ಹುಲ್ಲನ್ನು ಹತ್ತು ಅಂಗುಲ ಮೀರಿ ಬೆಳೆಸಬಾರದೆಂಬ ನಿಯಮವಿದೆಯಂತೆ, ಯಾರೋ ದೂರು ಕೊಟ್ಟಿದ್ದಾರೆ. ಈ ಜೇಕಿನ ಒಂದು ಒಳ್ಳೆಯ ಗುಣ ಇಲ್ಲಿ ಕೆಲಸಕ್ಕೆ ಬಂತು. ಎಲೆ ಒಂದಡಿಯಷ್ಟು ಉದ್ದವಾದರೂ ಬಾಗಿ ಮಲಗುವುದರಿಂದ ಗುಂಪಿನ ಎತ್ತರ ಆರರಿಂದ ಎಂಟು ಅಂಗುಲ ಮಾತ್ರ. ಹುಡುಗಿ ಶಾಲೆಯ ಸ್ಕೇಲನ್ನು ಗಿಡದ ಪಕ್ಕ ನಿಲ್ಲಿಸಿ ಫೋಟೋ ತೆಗೆದು, ಸಸ್ಯದ ಹೆಸರು ಬರೆದು ಕಳುಹಿಸಿದಳಂತೆ. ಮತ್ತೆ ನೋಟೀಸು ಬರಲಿಲ್ಲ.

2024ರ ಶರತ್ಕಾಲದಲ್ಲಿ ನಿಜವಾದ ಪರೀಕ್ಷೆ. ಫಿಲಡೆಲ್ಫಿಯಾದಲ್ಲಿ 42 ದಿನ ಒಂದೇ ಸಮನೆ ಅಳೆಯುವಷ್ಟು ಮಳೆ ಬೀಳಲಿಲ್ಲ. ಅದು ಆ ನಗರದ ದಾಖಲೆ. ಅಕ್ಕಪಕ್ಕದ ಹುಲ್ಲುಹಾಸುಗಳು ಕಂದಿಹೋದವು. ಜೇಕು ಕೂಡ ತುದಿ ಕಂದಿಸಿಕೊಂಡಿತು, ಆದರೆ ಬುಡದಲ್ಲಿ ಹಸಿರಿತ್ತು ಎಂದು ತಂಗಿ ಹೇಳಿದಳು. ನೆಲದೊಳಗೆ ದಾರದಂತಹ ಗುಪ್ತಕಾಂಡಗಳು ಓಡಾಡಿ ಹೊಸ ಗುಂಪುಗಳನ್ನು ಕಟ್ಟುವುದರಿಂದ ಮೇಲಿನ ಎಲೆ ಹೋದರೂ ಬಂಡವಾಳ ಒಳಗೆ ಉಳಿದಿರುತ್ತದೆ.

2025ರ ಏಪ್ರಿಲ್‌ನಲ್ಲಿ ನಾನು ಮತ್ತೆ ಹೋದಾಗ ನೆಟ್ಟ 150ರಲ್ಲಿ 119 ಬದುಕಿದ್ದವು. ಸತ್ತ 31ರಲ್ಲಿ ಹೆಚ್ಚಿನವು ಎರಡು ಜಾಗದವು: ಮಾಳಿಗೆಯ ಕೊಳವೆಯ ನೀರು ಬೀಳುವಲ್ಲಿ ಕೊಳೆತವು, ಮತ್ತು ಬೇಲಿಯ ಮೂಲೆಯಲ್ಲಿ ಒದ್ದೆ ಎಲೆಗಳು ದಪ್ಪಗೆ ಕೂತು ಉಸಿರು ಕಟ್ಟಿದವು. ಉಳಿದವು ಒಂದಕ್ಕೊಂದು ಕೈ ಕೂಡಿಸಿಕೊಂಡಿದ್ದವು. ಅಲ್ಲಲ್ಲಿ ಮಾತ್ರ ನಡುವೆ ಮಣ್ಣು ಕಾಣುತ್ತಿತ್ತು. ನಾನಿದ್ದಾಗಲೇ ಮೇ ತಿಂಗಳಲ್ಲಿ ಒಂದು ರಾತ್ರಿ ಗುಡುಗಿನೊಂದಿಗೆ ಜಡಿಮಳೆ ಬಂತು. ಬೆಳಿಗ್ಗೆ ಭಾವ ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿದರು. ಕಿಟಕಿಯ ಗೂಡಿನಲ್ಲಿ ನೀರಿತ್ತು, ಆದರೆ ತಿಳಿಯಾಗಿತ್ತು, ಒಳಗೆ ಬಂದಿರಲಿಲ್ಲ. ಗುತ್ತಿಗೆದಾರನ ಪಟ್ಟಿ ಆ ದಿನ ಫ್ರಿಜ್ಜಿನ ಮೇಲಿಂದ ಕಸದ ಬುಟ್ಟಿಗೆ ಹೋಯಿತು.

ಮರ ಉಳಿದದ್ದಕ್ಕೆ ಇನ್ನೊಂದು ಲಾಭವಿದೆ. ಡೆಲವೇರ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಡಗ್ಲಸ್ ಟ್ಯಾಲಮಿ ಬಹಳ ವರ್ಷಗಳಿಂದ ಹೇಳುತ್ತ ಬಂದಿರುವ ವಿಷಯ ಇದು: ಅಲ್ಲಿನ ಬೇರಾವ ಮರಕ್ಕಿಂತ ಹೆಚ್ಚು ಬಗೆಯ ಕಂಬಳಿಹುಳುಗಳು ಓಕ್ ಎಲೆ ತಿಂದು ಬದುಕುತ್ತವೆ. ಚಿಕಡಿ ಎಂಬ ಗುಬ್ಬಿಗಿಂತ ಸಣ್ಣ ಹಕ್ಕಿಯ ಜೋಡಿಯೊಂದು ಒಂದು ಸಂಸಾರ ಸಾಕಲು ಆರು ಸಾವಿರದಿಂದ ಒಂಬತ್ತು ಸಾವಿರ ಹುಳುಗಳನ್ನು ಹಿಡಿಯುತ್ತದೆ. ಆ ಹುಳುಗಳಲ್ಲಿ ಬಹುಪಾಲು ಕೋಶವಾಗಲು ಮರದಿಂದ ನೆಲಕ್ಕೆ ಇಳಿಯುತ್ತವೆ. ಕೆಳಗೆ ಗಟ್ಟಿಯಾದ, ವಾರಕ್ಕೊಮ್ಮೆ ಯಂತ್ರ ಓಡುವ ಹುಲ್ಲುಹಾಸಿದ್ದರೆ ಅವುಗಳ ಕಥೆ ಅಲ್ಲಿಗೇ ಮುಗಿಯುತ್ತದೆ. ಜೇಕು ಮತ್ತು ತರಗಿನ ಮೆತ್ತೆಯಿದ್ದರೆ ಅಡಗಲು ಜಾಗ.

ಹಾಗೆಂದು ಈ ಜೇಕನ್ನು ದೇವರ ಪಟ್ಟಕ್ಕೆ ಏರಿಸುವುದು ಬೇಡ. ಜಿಂಕೆಗಳು ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಜಿಂಕೆ ಹೆಚ್ಚಾಗಿ ಉಳಿದೆಲ್ಲ ಗಿಡಗಳನ್ನು ಮೇಯ್ದುಬಿಟ್ಟ ಗ್ರೇಟ್ ಲೇಕ್ಸ್ ಸುತ್ತಲಿನ ಕಾಡುಗಳಲ್ಲಿ ಇದೇ ಸಾಧು ಸಸ್ಯ ನೆಲವನ್ನೆಲ್ಲ ಚಾಪೆಯಂತೆ ಮುಚ್ಚಿ, ಮರಗಳ ಸಸಿಗಳಿಗೇ ಎಡೆ ಕೊಡದಂತೆ ಮಾಡುತ್ತಿದೆ. ನಮ್ಮ ಮನೆಯ ಜೇಕಿನ ನಡುವೆ ಅದಕ್ಕೇ ಜರೀಗಿಡ, ಕಾಡು ಜಿರೇನಿಯಂ ಸೇರಿಸಿದೆವು. ಕತ್ತರಿಸಿ ನೀಟಾಗಿ ಇಡಬೇಕೆನ್ನುವವರಿಗೆ ಬೇರೆ ಪ್ರಭೇದಗಳೂ ಇವೆ. ಅಲ್ಲಿಂದ ಹತ್ತಿರದಲ್ಲೇ, ಡೆಲವೇರ್ ರಾಜ್ಯದ ಹಾಕೆಸ್ಸಿನ್‌ನಲ್ಲಿರುವ ಮೌಂಟ್ ಕ್ಯೂಬಾ ಸೆಂಟರ್ ಎಂಬ ಸಸ್ಯೋದ್ಯಾನದವರು 2021ರವರೆಗೆ ನಾಲ್ಕು ವರ್ಷ 70 ಬಗೆಯ ಕ್ಯಾರೆಕ್ಸ್ ಬೆಳೆಸಿ, ಕೆಲವನ್ನು ಹುಲ್ಲುಹಾಸಿನಂತೆ ಕತ್ತರಿಸಿಯೂ ನೋಡಿ ಅಂಕ ಕೊಟ್ಟಿದ್ದಾರೆ. ಅವರ ಪರೀಕ್ಷೆಯಲ್ಲಿ ಮೊದಲ ಸ್ಥಾನ 'ವುಡ್ಸ್ ಸೆಜ್' ಎಂಬ ಇನ್ನೊಂದು ಕಾಡುಜೇಕಿಗೆ. ಪೆನ್ಸಿಲ್ವೇನಿಯಾದ ಹೆಸರು ಹೊತ್ತದ್ದು ಮೊದಲ ರ‍್ಯಾಂಕ್ ಬರಲಿಲ್ಲ.

ಊರಿಗೆ ಬಂದ ಮೇಲೆ ಮೂರು ನಾಲ್ಕು ಮಂದಿ ಬೀಜ ತಂದಿರಾ ಎಂದು ಕೇಳಿದರು. ತರುವುದು ಕಾನೂನಿಗೆ ವಿರುದ್ಧ, ತಂದರೂ ಚಳಿಗಾಲದ ಹಿಮವಿಲ್ಲದ ನಮ್ಮ ನೆಲ ಅದಕ್ಕೆ ಒಗ್ಗುವುದಿಲ್ಲ. ಹಿತ್ತಿಲ ಹಲಸಿನ ಮರದ ಬುಡ ಮುಚ್ಚಬೇಕೆನ್ನುವವರು ನಮ್ಮ ಕಾನಿನಲ್ಲಿಯೇ ಬಗ್ಗಿ ನೋಡಬೇಕು, ಅಲ್ಲಿಯೂ ಮೂರು ಏಣಿನ ದಂಟುಗಳಿವೆ.

ಹೊರಡುವ ಹಿಂದಿನ ದಿನ ಚೆನ್ನಾಗಿ ಹಬ್ಬಿದ್ದ ಇಪ್ಪತ್ತು ಬುಡಗಳನ್ನು ಎತ್ತಿ, ಹಳೆಯ ಅಡುಗೆ ಚಾಕುವಿನಿಂದ ನಾಲ್ಕು ನಾಲ್ಕು ಸೀಳಿ ಮಾಡಿದೆವು. ಅರವತ್ತು ಮೇಲಿನ ಅರ್ಧಕ್ಕೆ ಹೋದವು. ಹನ್ನೆರಡು, ಸತ್ತ ಜಾಗಗಳಲ್ಲಿ ಕೊಳವೆಯ ಬಾಯಿ ತಪ್ಪಿಸಿ ನೆಟ್ಟದ್ದು. ಉಳಿದ ಎಂಟನ್ನು ಹುಡುಗಿ ಒದ್ದೆ ಕಾಗದದಲ್ಲಿ ಸುತ್ತಿ ಬೇಲಿಯ ಆಚೆಗೆ ಕೊಟ್ಟಳು. ನಿವೃತ್ತ ಗೃಹಸ್ಥರ ಮನೆಯ ಹಿಂದೆಯೂ ಒಂದು ಓಕ್ ಇದೆ, ಅದರ ಬುಡವೂ ಬೋಳು. ಎಷ್ಟು ಅಂತರಕ್ಕೆ ನೆಡಬೇಕೆಂದು ಅವರು ಕೇಳಿದರು. ಅವಳು ಗೇಣು ಹಾಕಿ ತೋರಿಸಿದಳು.